ಸಹಾಯ ಬೇಕು: ಮಗನ ಬಾಡಿ ಸ್ಪ್ರೇ, ಅಮ್ಮನ ಕೆಮ್ಮು

ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಮಳೆ ಹಿಡಿದು ಮೂರು ವಾರ ಆಯಿತು, ಕಿಟಕಿ ತೆಗೆದರೆ ಇರಚಲು. ಕಾಲೇಜಿಗೆ ಹೊರಡುವಾಗ ಮಗ ಬಾಡಿ ಸ್ಪ್ರೇ ಹೊಡೆದುಕೊಂಡ ಐದೇ ನಿಮಿಷಕ್ಕೆ ಅಮ್ಮನಿಗೆ ಕೆಮ್ಮು, ಉಬ್ಬಸ. ಸಂಜೆ ಸೊಳ್ಳೆ ಬತ್ತಿ ಹಚ್ಚಿದರೂ ಅದೇ ಕಥೆ. ಡಾಕ್ಟರು ಇನ್‌ಹೇಲರ್ ಕೊಟ್ಟು, ಘಾಟು ವಾಸನೆಯಿಂದ ದೂರ ಇರಿ ಅಂದಿದ್ದಾರೆ.

ಮಗ ಏರ್ ಪ್ಯೂರಿಫೈಯರ್ ತರೋಣ ಅನ್ನುತ್ತಾನೆ. (ಸ್ಪ್ರೇ ಬಿಡೋಕೆ ಮಾತ್ರ ತಯಾರಿಲ್ಲ!) ಆದರೆ ಅದರೊಳಗಿನ ಹೆಪಾ ಫಿಲ್ಟರ್ ಹಿಡಿಯುವುದು ಧೂಳು, ಹೊಗೆಯ ಕಣಗಳನ್ನು. ಸ್ಪ್ರೇ ಆವಿಗೆ ಆಕ್ಟಿವೇಟೆಡ್ ಕಾರ್ಬನ್ (ಆವಿ ಹೀರುವ ಇದ್ದಿಲಿನ ಫಿಲ್ಟರ್) ಬೇಕು, ಅಲ್ವಾ? ನಮ್ಮ ಥಂಡಿಯಲ್ಲಿ ಅದು ಎಷ್ಟು ದಿನ ಬಾಳುತ್ತದೆ? ಸುಮ್ನೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕಾ? ಬಳಸಿದವರು ಹೇಳಿ.

ಸುಗಂಧ ಹಾಕದ ರೋಲ್-ಆನ್, ಸೋಪು ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆ? 'ಅನ್‌ಸೆಂಟೆಡ್' ಅಂತ ಬರೆದದ್ದರಲ್ಲೂ ವಾಸನೆ ಮುಚ್ಚಲು ಸುಗಂಧ ಸೇರಿಸಿರಬಹುದಂತೆ, ಹಾಗಾಗಿ ಲೇಬಲ್ ಓದಿ ಕೊಂಡವರೇ ಹೇಳಿದರೆ ಒಳ್ಳೆಯದು.