ಲೈನ್‌ನಲ್ಲಿ ಕೂತಿರುವಾಗಲೇ ಮುಟ್ಟಾಗಿ ಬಟ್ಟೆ ಕಲೆಯಾದರೆ: ಸೂಪರ್‌ವೈಸರ್ ಏನು ಮಾಡಬೇಕು?

ಲೈನ್‌ಮೂರು_ಹಾಸನ ಕೇಳಿದ್ದು:

ಹಾಸನದ ಗಾರ್ಮೆಂಟ್ ಯೂನಿಟ್ ಒಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಬಿಳಿ ಬೆಡ್‌ಶೀಟ್, ದಿಂಬಿನ ಕವರ್ ಹೊಲಿಯುವ ಲೈನ್, ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಟೈಲರ್ ಒಬ್ಬರಿಗೆ ಮುಟ್ಟಾಗಿ ಚೂಡಿದಾರ್, ಸ್ಟೂಲ್ ಮೇಲಿನ ಕುಶನ್, ಕೆಲವು ಸಲ ತೊಡೆ ಮೇಲಿದ್ದ ಪೀಸೂ ಕಲೆಯಾಗುತ್ತೆ. ಅವರಿಗೆ ಗೊತ್ತಾಗುವ ಮೊದಲೇ ಹಿಂದಿನವರಿಗೆ ಕಂಡಿರುತ್ತೆ. ನಾನು ಗಂಡಸು. ಅವರಿಗೆ ನಾಚಿಕೆ ಆಗದ ಹಾಗೆ ಹೇಗೆ ತಿಳಿಸೋದು? ಕಲೆ ಹೋಗೋದು ಹೇಗೆ? ಆ ಹೊತ್ತಿನ ಟಾರ್ಗೆಟ್ ಕಥೆ ಏನು? ಗೊತ್ತಿದ್ದವರು ವಿವರವಾಗಿ ಹೇಳಿ.

ಫ್ಲೋರ್_ಅಕ್ಕ ಉತ್ತರ:

ಮೊದಲು ಒಂದು ಮಾತು. ಅವರನ್ನು ಕರೆಯಬೇಡಿ. "ಸ್ವಲ್ಪ ಚೆಕಿಂಗ್ ಟೇಬಲ್ ಹತ್ರ ಬನ್ನಿ" ಅಂತ ಒಳ್ಳೆ ಮನಸ್ಸಿಂದಲೇ ಕರೀತಾರೆ. ಆದರೆ ಅವರು ಎದ್ದು ಎಲ್ಲರ ಮುಂದೆ ನಡೆದು ಬರೋದೇ ದೊಡ್ಡ ಅವಮಾನ. ಕೂತಿರುವವರೆಗೆ ಕಲೆ ಅಷ್ಟಾಗಿ ಕಾಣಲ್ಲ. ಹಾಗಾಗಿ ಹೊದೆಯೋಕೆ ಏನಾದರೂ ಅವರ ಹತ್ತಿರಕ್ಕೇ ಹೋಗಬೇಕು, ಆಮೇಲೆ ಅವರು ಏಳಬೇಕು.

ನೀವು ಖುದ್ದು ಹೇಳಬೇಕಾಗಿಲ್ಲ. ಲೈನ್‌ನ ಹೆಲ್ಪರ್ ಅಥವಾ ಪಕ್ಕದ ಮಷಿನಿನ ಅಕ್ಕನಿಗೆ ಕಣ್ಣಲ್ಲಿ ತೋರಿಸಿದರೆ ಸಾಕು. ಅವರು ಬಂಡಲ್ ಇಡುವ ನೆಪದಲ್ಲಿ ಬಗ್ಗಿ ಕಿವೀಲಿ ಒಂದೇ ಮಾತು: "ಅಕ್ಕಾ, ಹಿಂದೆ ಕಲೆ ಆಗಿದೆ, ಏಪ್ರನ್ ತಂದಿದ್ದೀನಿ." ಏಪ್ರನ್ನನ್ನು ಹಿಂದುಮುಂದಾಗಿ ಕಟ್ಟಿಕೊಳ್ಳಲಿ, ಇಲ್ಲಾಂದ್ರೆ ವೇಲ್ ಸೊಂಟಕ್ಕೆ ಸುತ್ತಿಕೊಳ್ಳಲಿ. ಟಾಯ್ಲೆಟ್ಟಿಗೆ ಹೋಗುವಾಗ ಒಬ್ಬರು ಬೆನ್ನ ಹಿಂದೆ ಹತ್ತಿರದಲ್ಲೇ ನಡೆಯಲಿ. ಮೂರು ನಾಲ್ಕು ಜನ ಗುಂಪಾಗಿ ಹೋದರೆ ಇಡೀ ಫ್ಲೋರ್ ತಿರುಗಿ ನೋಡುತ್ತೆ.

ಅವರು ಎದ್ದ ತಕ್ಷಣ ಫ್ಲೋಟರ್ (ಖಾಲಿಯಾದ ಮಷಿನಿಗೆ ಕೂರುವ ಬದಲಿ ಟೈಲರ್) ಆ ಮಷಿನಿನಲ್ಲಿ ಕೂರಬೇಕು. ಕೂರುವ ಮೊದಲು ಹೆಲ್ಪರ್ ಕುಶನ್ ತೆಗೆದು, ಕಲೆ ಒಳಗೆ ಬರುವ ಹಾಗೆ ಮಡಚಿ ಕವರಿಗೆ ಹಾಕಲಿ. ಫ್ಲೋಟರ್ ಹೊಲಿದ ಪೀಸುಗಳನ್ನು ಆ ಅಕ್ಕನ ಲೆಕ್ಕಕ್ಕೇ ಬರೆಯಿರಿ. ಬಟ್ಟೆ ಬದಲಿಸಿ ಬರೋಕೆ ಇಪ್ಪತ್ತೈದು ನಿಮಿಷ ಬೇಕೇ ಬೇಕು. ಗಂಟೆಗಂಟೆಯ ಪೀಸು ಲೆಕ್ಕ ಬರೆಯುವ ಬೋರ್ಡಿನಲ್ಲಿ ಅವರ ಹೊಲಿಗೆ ಕಮ್ಮಿ ಬಿದ್ದರೆ "ಯಾಕೆ" ಅನ್ನುವ ಪ್ರಶ್ನೆ ಎಲ್ಲರೆದುರು ಏಳುತ್ತೆ. ಟೋಕನ್ ತೆಗೆದುಕೊಂಡೇ ಟಾಯ್ಲೆಟ್ಟಿಗೆ ಹೋಗುವ ಪದ್ಧತಿ ಇದ್ದರೆ ಆ ಹೊತ್ತಿಗೆ ಟೋಕನ್ ಮಾತೇ ಬೇಡ. ರಿಜಿಸ್ಟರಿನಲ್ಲಿ ಕಾರಣ ಬರೆಯೋದೂ ಬೇಡ.

ವಾಪಸ್ ಬಂದ ಮೇಲೆ "ಈಗ ಹೇಗಿದ್ದೀರಾ" ಅಂತ ನಾಲ್ಕು ಜನ ಕೇಳೋದೂ ಬೇಡ. ಜೊತೆಗೆ ಹೋದವರು ಒಬ್ಬರು ಕೇಳಿದರೆ ಆಯ್ತು.

ಕಲೆ_ವಿಭಾಗ ಉತ್ತರ:

ಪೀಸಿನ ವಿಷಯ ನಾನು ಹೇಳ್ತೀನಿ. ಸ್ಪಾಟ್ ಕ್ಲೀನಿಂಗಿಗೆ ಸೂಜಿ ಚುಚ್ಚಿದ ರಕ್ತದ ಪೀಸುಗಳು ಬರ್ತಾನೇ ಇರುತ್ತವೆ. ಇದನ್ನೂ ಹಾಗೇ ಸ್ಟಿಕ್ಕರ್ ಅಂಟಿಸಿ ಕಳಿಸಿ. ಯಾರದು, ಎಲ್ಲಿಂದ ಅಂತ ನಾವು ಕೇಳಲ್ಲ, ನೀವೂ ಹೇಳಬೇಡಿ.

ಎಲ್ಲರೂ ಮಾಡುವ ತಪ್ಪು ಅಂದ್ರೆ ಸ್ಪಾಟ್ ಗನ್ ಹಿಡಿಯೋದು. ಅದರಿಂದ ಚಿಮ್ಮುವ ಸಾಲ್ವೆಂಟ್ (ಎಣ್ಣೆ ಕರಗಿಸುವ ದ್ರವ) ಇರೋದು ಎಣ್ಣೆ ಕಲೆಗೆ. ರಕ್ತ ಪ್ರೋಟೀನು, ಸಾಲ್ವೆಂಟಿಗೆ ಕರಗಲ್ಲ. ಬಿಸಿನೀರು ಅದಕ್ಕಿಂತ ಕೆಟ್ಟದ್ದು: ಬೆಂದ ಮೊಟ್ಟೆ ಗಟ್ಟಿಯಾದ ಹಾಗೆ ರಕ್ತವೂ ನೂಲಿನೊಳಗೆ ಗಟ್ಟಿಯಾಗಿ ಕೂರುತ್ತೆ. ಒದ್ದೆ ಚೂಡಿದಾರ್ ಬೇಗ ಒಣಗಲಿ ಅಂತ ಫಿನಿಷಿಂಗಿನ ಸ್ಟೀಮ್ ಐರನ್ ಕೆಳಗೆ ಇಟ್ಟರೂ ಅದೇ ಗತಿ. ಕಲೆ ಪೂರ್ತಿ ಹೋಗುವವರೆಗೆ ಬಿಸಿ ಹತ್ತಿರ ಬರಬಾರದು.

ಹಸಿ ಕಲೆಯಾದರೆ ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಡಿ, ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. ಉಜ್ಜಿದರೆ ಅಗಲವಾಗುತ್ತೆ. ಆಮೇಲೆ ಒಂದು ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ. ಉಳಿದದ್ದಕ್ಕೆ ಎನ್‌ಜೈಮ್ ಇರುವ ಡಿಟರ್ಜೆಂಟ್, ಮತ್ತರ್ಧ ಗಂಟೆ. ರೇಷ್ಮೆ, ಉಣ್ಣೆಗೆ ಮಾತ್ರ ಎನ್‌ಜೈಮ್ ಬೇಡ, ಅವೂ ಪ್ರೋಟೀನೇ.

ಬಿಳಿ ಹತ್ತಿಗೆ ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೇದು. ಮೆಡಿಕಲ್ ಶಾಪಿನ ಬಾಟಲಿ ಮೇಲೆ 6% ಅಂತಿದ್ದರೆ ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಿ. ಹನಿಸಿದರೆ ನೊರೆ ಬರುತ್ತೆ. ನೊರೆ ನಿಂತ ಮೇಲೆ ಒತ್ತಿ ತೆಗೆದು ಇನ್ನೊಮ್ಮೆ ಹನಿಸಿ, ಕೊನೆಗೆ ತಣ್ಣೀರಿನಲ್ಲಿ ಜಾಲಾಡಿ. ಬಣ್ಣದ ಬಟ್ಟೆಯಾದರೆ ಒಳಗಿನ ಹೊಲಿಗೆ ಮೇಲೆ ಒಂದು ಹನಿ ಹಾಕಿ ಐದು ನಿಮಿಷ ನೋಡಿ, ಬಣ್ಣ ಬಿಡಬಹುದು. ಬೆಳಕಿಗಿಟ್ಟರೆ ಶಕ್ತಿ ಕಳೆದುಕೊಳ್ಳುತ್ತೆ, ಕಪ್ಪು ಬಾಟಲಿಯಲ್ಲೇ ಇರಲಿ. ಪೀಸಿನಲ್ಲಿ ಕಲೆ ಹೋಗಿ ನೀರಿನ ಉಂಗುರ ಉಳಿದರೆ ಅದರ ಸುತ್ತ ಅಗಲಕ್ಕೆ ಒದ್ದೆ ಮಾಡಿ, ಗಾಳಿ ಊದುವ ಏರ್ ಗನ್‌ನಲ್ಲಿ ಅಂಚಿನಿಂದ ಒಳಗೆ ಒಣಗಿಸಿ.

ಮೂಡಿಗೆರೆ_ತೋಟ ಉತ್ತರ:

ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಿನಲ್ಲೂ ಇದೇ ಪಾಡು, ಅಲ್ಲಿ ಟಾಯ್ಲೆಟ್ಟೇ ಹತ್ತಿರ ಇರಲ್ಲ. ಬೆಳಿಗ್ಗೆ ಗಿಡದ ಇಬ್ಬನಿಗೆ ಸೀರೆ ನೆನೆದಿರುತ್ತೆ, ಪ್ಯಾಡ್ ಬದಲು ಬಟ್ಟೆ ಇಟ್ಟುಕೊಂಡವರಿಗೆ ಅದೂ ನೆನೆದು ಸೋರುತ್ತೆ, ತೊಡೆ ಉಜ್ಜಿ ಗಾಯವಾಗುತ್ತೆ. ಹಣ್ಣು ತೂಗುವ ಜಾಗದಲ್ಲಿ ಟಾರ್ಪಾಲ್ ಕಟ್ಟಿದ ಒಂದು ಮರೆ, ಒಂದು ಕೊಡ ನೀರು, ಮಗ್ಗು, ಮುಚ್ಚಳದ ಡಬ್ಬ ಇಟ್ಟರೆ ಅರ್ಧ ಕಷ್ಟ ಕಮ್ಮಿ. ಕೂಲಿ ಕೆ.ಜಿ. ಲೆಕ್ಕದಲ್ಲಿದ್ದರೆ ಮರೆಗೆ ಹೋಗಿ ಬರುವಷ್ಟರಲ್ಲಿ ಕೆಲವು ಕೆ.ಜಿ. ಹೋಯ್ತು. ಅಕ್ಕಪಕ್ಕದ ಸಾಲಿನವರು ತಲಾ ಎರಡು ಬೊಗಸೆ ಅವರ ಚೀಲಕ್ಕೆ ಹಾಕಿದರೆ ಯಾರಿಗೂ ಭಾರವಲ್ಲ. ಮೇಸ್ತ್ರಿ ನೋಡಿಯೂ ನೋಡದ ಹಾಗೆ ಇರಬೇಕು.

ಇನ್ನೊಂದು ವಿಷಯ. 2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೊಂದು ದಿನ ಸಂಬಳದ ಮುಟ್ಟಿನ ರಜೆಗೆ ಆದೇಶ ಮಾಡಿತು. ಅದರಲ್ಲಿ ಫ್ಯಾಕ್ಟರಿಯೂ ಇದೆ, ಪ್ಲಾಂಟೇಶನ್ನೂ ಇದೆ. ನಿಮ್ಮ ಎಚ್.ಆರ್. ಹತ್ತಿರ ಕೇಳಿ, ಲೈನ್‌ನವರಿಗೆ ತಿಳಿಸಿ.

ಲೈನ್‌ಮೂರು_ಹಾಸನ:

ಬಹಳ ಉಪಕಾರ. ಕಿಟ್ ಮಾಡಿಡೋಣ ಅಂದುಕೊಂಡಿದ್ದೇನೆ. ಏನೇನು ಇರಲಿ, ಎಲ್ಲಿಡಲಿ? ಒಬ್ಬರಿಗೆ ಪ್ರತಿ ತಿಂಗಳೂ ಹೀಗಾಗುತ್ತೆ, ಅದಕ್ಕೇನು?

ಫ್ಲೋರ್_ಅಕ್ಕ:

ಕಪ್ಪು ಅಥವಾ ನೇವಿ ಬಣ್ಣದ ಎಲಾಸ್ಟಿಕ್ ಪ್ಯಾಂಟ್, ಎಲ್ ಮತ್ತು ಡಬಲ್ ಎಕ್ಸೆಲ್ ಒಂದೊಂದು. ಒಳಲಂಗ ಒಂದು, ಹೊಸ ಒಳಚಡ್ಡಿ ಮೂರು, ಪ್ಯಾಡ್ ಇಪ್ಪತ್ತು, ಹಳೇ ಪೇಪರ್, ಕಪ್ಪು ಕವರ್, ಒಂದು ಟವೆಲ್, ಉಪ್ಪು. ಜನೌಷಧಿ ಕೇಂದ್ರದಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ 1 ರೂಪಾಯಿಯಂತೆ ಸಿಗುತ್ತೆ. ಕಿಟ್ ನಿಮ್ಮ ಟೇಬಲ್ ಮೇಲಾಗಲಿ ಬೀಗದೊಳಗಾಗಲಿ ಬೇಡ. ಗಂಡಸರ ಹತ್ತಿರ ಬೀಗದ ಕೈ ಕೇಳೋಕೆ ಯಾರೂ ಬರಲ್ಲ. ಹೆಂಗಸರ ಟಾಯ್ಲೆಟ್ಟಿನೊಳಗೇ ಶೆಲ್ಫ್ ಮಾಡಿಸಿ, ವಾರಕ್ಕೊಮ್ಮೆ ತುಂಬಿಸುವ ಕೆಲಸ ಒಬ್ಬ ಅಕ್ಕನಿಗೆ ವಹಿಸಿ. ಪ್ಯಾಂಟ್ ಒಗೆದು ವಾಪಸ್ ಇಡೋದು ಅವರವರ ನಂಬಿಕೆ, ಬರೆದಿಡಬೇಡಿ. ಕುಶನ್‌ಗಳಿಗೆಲ್ಲ ಕಪ್ಪು ರೆಕ್ಸಿನ್ ಕವರ್ ಹಾಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು.

ಪ್ರತಿ ತಿಂಗಳೂ ಸೋರುವವರಿಗೆ ಮೊದಲು ಕೇಳಿಸಬೇಕಾದ್ದು, ಪ್ಯಾಡ್ ಎಷ್ಟು ಹೊತ್ತಿಗೆ ಬದಲಿಸ್ತಾರೆ ಅಂತ. ಟಾರ್ಗೆಟ್ ಭಯಕ್ಕೆ ಬೆಳಿಗ್ಗೆ ಇಟ್ಟದ್ದನ್ನು ಸಂಜೆವರೆಗೆ ಇಟ್ಟುಕೊಳ್ಳುವವರಿದ್ದಾರೆ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲೇಬೇಕು. ಬದಲಿಸಿದರೂ ಗಂಟೆಗೊಂದು ಪ್ಯಾಡ್ ನೆನೆದು ಹೋಗ್ತಿದ್ದರೆ, ಏಳು ದಿನ ದಾಟಿದರೆ, ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆಗಳು ಬೀಳ್ತಿದ್ದರೆ, ತಲೆ ಸುತ್ತಿದರೆ ಡಾಕ್ಟರಿಗೆ ತೋರಿಸಬೇಕು. ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಹಾಸನದ ಸರ್ಕಾರಿ ಹಿಮ್ಸ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಬೆಳಿಗ್ಗೆಯೇ ಹೋಗಬೇಕು, ಅರ್ಧ ದಿನ ಹಿಡಿಯುತ್ತೆ. ಆ ಅರ್ಧ ದಿನಕ್ಕೆ ನೀವು ಫ್ಲೋಟರ್ ಕೊಡ್ತೀರಿ ಅಂತ ಯಾರಾದರೂ ಅಕ್ಕನ ಕೈಲೇ ಹೇಳಿಸಿ.