ಮೈಸೂರಲ್ಲಿ ಅಮ್ಮನನ್ನು ಯಾವ ಪಾರ್ಕಿಗೆ ಕರ್ಕೊಂಡು ಹೋಗಲಿ?

(ಬರೆದವರ ಹೆಸರಿನ ಬದಲು ಅವರವರ ಬಡಾವಣೆ ಹೆಸರಿದೆ.)

ಬೋಗಾದಿ: ಮಂಡ್ಯದಿಂದ ಬಂದು ಇಲ್ಲಿ ಮನೆ ಮಾಡಿದ್ದೀವಿ. ಅಮ್ಮನಿಗೆ ಮಂಡಿನೋವು, ಡಾಕ್ಟರು ದಿನಾ ಅರ್ಧ ಗಂಟೆ ನಡೀಬೇಕು ಅಂದಿದ್ದಾರೆ. ಭಾನುವಾರಕ್ಕೊಂದು ಪಾರ್ಕು, ಕೆರೆ ನೋಡಿ ಆರಿಸೋಣ ಅಂತ. ಅನುಭವ ಇದ್ದೋರು ಹೇಳಿ.

ಸರಸ್ವತಿಪುರಂ: ಕುಕ್ಕರಹಳ್ಳಿ ಕೆರೆ, ಬೇರೆ ಮಾತೇ ಬೇಡ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, ಕುವೆಂಪು ಓಡಾಡಿದ ಜಾಗ. ನಾನು ಮುಂಚೆ ನಮ್ಮ ಬೀದಿ ಪಾರ್ಕಲ್ಲೇ ಸುತ್ತುತ್ತಿದ್ದೆ. ಚೆನ್ನಾಗಿದ್ದ ಮಣ್ಣಿನ ದಾರಿ ಕಿತ್ತು ಟೈಲ್ಸ್ ಹಾಕಿದ್ರು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರಿ ಬಿದ್ದೆ. ಎಕ್ಸ್‌ರೇ, ಮಂಡಿಗೆ ಹಾಕೋ ಪಟ್ಟಿ, ಫಿಸಿಯೋ ಅಂತ ದುಡ್ಡು ಸುರಿದೆ. ದುಬಾರಿ ಶೂ ಹಾಕಿದ್ದೆ, ಅದೂ ಜಾರ್ತು. ಮಣ್ಣು ಕಾಲನ್ನ ತಡ್ಕೊಳುತ್ತೆ ಕಣ್ರೀ, ಟೈಲ್ಸ್ ಏಟನ್ನೆಲ್ಲ ಮಂಡಿಗೇ ವಾಪಸ್ ಕೊಡುತ್ತೆ. ಅದಕ್ಕೇ ಈ ಕೆರೆ ಅಂದೆ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಮೀನು ಹಿಡಿಯೋದನ್ನ ನಿಂತು ನೋಡಿ: ಕೊಕ್ಕಿನ ಚೀಲ ತುಂಬಿಸ್ಕೊಂಡು, ನೀರೆಲ್ಲ ಸೋರೋವರೆಗೂ ಕಾದು, ಆಮೇಲೆ ತಲೆ ಎತ್ತಿ ನುಂಗುತ್ತೆ.

ಸಿದ್ಧಾರ್ಥನಗರ: ಒಂದು ಸುತ್ತಿಗೆ ನಾಲ್ಕು ಕಿಲೋಮೀಟರ್ ದಾಟೋ ಕೆರೆಗೆ ಮಂಡಿನೋವಿನೋರನ್ನ ಕಳಿಸ್ತಾರಾ? ಕಾರಂಜಿ ಕೆರೆಗೆ ಬನ್ನಿ, ಝೂ ಪಕ್ಕದಲ್ಲೇ. ಟಿಕೆಟ್ ಇದೆ, ಮಂಗಳವಾರ ರಜ. ನಮ್ಮತ್ತೆಯವರು ಆಪರೇಷನ್ ಆದ್ಮೇಲೆ ಮನೆ ಬಿಟ್ಟು ಹೊರಡ್ತಾನೇ ಇರ್ಲಿಲ್ಲ. ಅಲ್ಲಿ ಪಕ್ಷಿಗಳ ದೊಡ್ಡ ಬಲೆಮನೆ ಒಳಗೆ ನವಿಲು ಪಕ್ಕದಲ್ಲೇ ಹಾದುಹೋದಾಗ ಕೋಲು ಮರೆತು ಎರಡು ಹೆಜ್ಜೆ ಇಟ್ರು.

ಸರಸ್ವತಿಪುರಂ: ನಡೆಯೋಕೂ ಟಿಕೆಟ್ಟಾ? ಪಿಂಚಣಿಯಲ್ಲಿ ಬದುಕೋರು ದಿನಾ ಎಲ್ಲಿಂದ ತರ್ತಾರೆ?

ಸಿದ್ಧಾರ್ಥನಗರ: ಫಿಸಿಯೋಗೆ ಸುರಿದಿದ್ದನ್ನ ನೀವೇ ಬರ್ದಿದ್ದೀರಿ. ದುಡ್ಡು ಕೊಡೋ ಕಡೆ ಶುಚಿ ಇರುತ್ತೆ, ಕೂರೋಕೆ ಬೆಂಚು ಇರುತ್ತೆ.

ರಾಮಕೃಷ್ಣನಗರ: ಲಿಂಗಾಂಬುಧಿ ಕೆರೆ ಯಾರಿಗೂ ನೆನಪಾಗಲ್ಲ. ನಾವು ಹಕ್ಕಿ ನೋಡೋಕೆ ಹೋಗ್ತೀವಿ. ಒಂದೇ ಬೇಡಿಕೆ: ಯಾವ ಕೆರೆಗೇ ಹೋಗಿ, ಬ್ರೆಡ್ಡು, ಕಡ್ಲೆಪುರಿ ಎಸೀಬೇಡಿ. ಕೊಳೆತು ನೀರಿನ ಆಮ್ಲಜನಕ ತಿನ್ನುತ್ತೆ, ಮೀನು ಸಾಯುತ್ತೆ.

ಯಾದವಗಿರಿ: ನಮ್ಮ ತಂದೆ ಕಾಲದಿಂದ ಮೀನಿಗೆ ಪುರಿ ಹಾಕ್ತಿದ್ದೀವಿ. ಒಂದು ಮುಷ್ಟಿ ಪುರಿಗೆ ಕೆರೆ ಕೆಡುತ್ತಾ? ಚರಂಡಿ ನೀರು ಬಂದು ಸೇರೋದರ ಬಗ್ಗೆ ಬರೀರಿ.

ರಾಮಕೃಷ್ಣನಗರ: ಅದನ್ನೂ ಬರ್ದಿದ್ದೀವಿ, ಅರ್ಜಿ ಕೊಟ್ಟು ಅಲೆದಿದ್ದೀವಿ. ನಿಮ್ಮ ಒಂದು ಮುಷ್ಟಿ ಜೊತೆ ಭಾನುವಾರ ಬರೋ ನೂರಾರು ಜನರ ಮುಷ್ಟಿ ಸೇರಿಸಿ ನೋಡಿ.

ಬೋಗಾದಿ: ಬೆಂಚು ಎಷ್ಟು ದೂರಕ್ಕೊಂದಿದೆ, ಶೌಚಾಲಯ ತೆಗೆದಿರುತ್ತಾ ಅಂತ ಯಾರಾದ್ರೂ ಹೇಳ್ತೀರಾ?

ಯಾದವಗಿರಿ: ಚೆಲುವಾಂಬ ಪಾರ್ಕಿಗೆ ಬನ್ನಮ್ಮ, ಮರದ ನೆರಳಿದೆ, ಸಾಕಾದ ಕಡೆ ಕೂರಬಹುದು. ಪುರಿ ವಿಷಯಕ್ಕೆ ನನ್ನ ಮಾತು ಮಾತೇ.

ಸರಸ್ವತಿಪುರಂ: ಬಗ್ಗಿ ನೋಡ್ಕೊಂಡು ಹೋಗಿ, ಕಾಲ ಕೆಳಗೆ ಟೈಲ್ಸ್ ಇದ್ರೆ ಮಳೆ ದಿನ ಬೇಡ.