ಸರ್ಕಾರಿ ವೆಚ್ಚದಲ್ಲಿ ಲಿಂಗತ್ವ ದೃಢೀಕರಣ ಶಸ್ತ್ರಚಿಕಿತ್ಸೆ: ಮನವಿಯಲ್ಲಿ ಏನನ್ನು ಕೇಳಬೇಕು?

ಪ್ರಶ್ನೆ

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ದೇಹವನ್ನು ಅವರ ಲಿಂಗತ್ವಕ್ಕೆ ಹೊಂದಿಸುವ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುವ ವಿಷಯವಾಗಿ ಆರೋಗ್ಯ ಇಲಾಖೆಗೆ ಸಲ್ಲಿಸಬೇಕಾದ ಮನವಿಯ ಕರಡನ್ನು ನಮ್ಮ ಬಳಗ ಸಿದ್ಧಪಡಿಸುತ್ತಿದೆ. ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಲಿಂಗತ್ವದ ಗುರುತನ್ನು ಮಾನ್ಯ ಮಾಡಿದ ನಾಲ್ಸಾ ತೀರ್ಪು ನೀಡಿತು. ಸಂಸತ್ತು 2019ರಲ್ಲಿ ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 15ನೇ ಸೆಕ್ಷನ್ ಶಸ್ತ್ರಚಿಕಿತ್ಸೆ ಹಾಗೂ ಹಾರ್ಮೋನ್ ಚಿಕಿತ್ಸೆಗೆ ವ್ಯವಸ್ಥೆ ಮಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. 2022ರ ಆಗಸ್ಟ್‌ನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಆರೋಗ್ಯ ವಿಮೆಗಾಗಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಎಂಬ ಒಪ್ಪಂದಕ್ಕೆ ಸಹಿ ಬಿದ್ದು, ಗುರುತಿನ ಪ್ರಮಾಣಪತ್ರ ಪಡೆದವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ವಿಮಾ ರಕ್ಷಣೆಯೂ ಘೋಷಣೆಯಾಯಿತು. ಇಷ್ಟಾದರೂ ನಮಗೆ ಪರಿಚಯವಿರುವವರಲ್ಲಿ ಹೆಚ್ಚಿನವರು ಸಾಲ ಮಾಡಿಯೇ ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದಾರೆ.

ಶಸ್ತ್ರಚಿಕಿತ್ಸೆಯನ್ನು ವಿಮೆಯ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿಸಿ ಎಂಬ ಒಂದೇ ಬೇಡಿಕೆ ಸಾಕೆಂದು ಬಳಗದ ಕೆಲವರು ಹೇಳುತ್ತಾರೆ; ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲವೆಂಬುದು ಉಳಿದವರ ವಾದ. ಬೇರೆ ದೇಶಗಳ ಅನುಭವವನ್ನು ಬಲ್ಲವರು ಮತ್ತು ಆಸ್ಪತ್ರೆಯ ಒಳಗಿನ ಕೆಲಸವನ್ನು ಕಂಡವರು ತಮ್ಮ ಅಭಿಪ್ರಾಯ ತಿಳಿಸಿದರೆ ಕರಡನ್ನು ತಿದ್ದಿಕೊಳ್ಳಲು ಅನುಕೂಲವಾಗುತ್ತದೆ.

ಉತ್ತರ 1

ನಾನು ಕಾನೂನಿನ ವಿದ್ಯಾರ್ಥಿ. ಹಾಗಾಗಿ ಸರ್ಕಾರಗಳು ಇಲ್ಲ ಎನ್ನುವ ಬಗೆ ಕಾಲಕ್ರಮದಲ್ಲಿ ಹೇಗೆ ಬದಲಾಗಿದೆ ಎಂಬುದನ್ನಷ್ಟೇ ಹೇಳಬಲ್ಲೆ. ಮೊದಲಿಗೆ ನಿರಾಕರಣೆ ನೇರವಾಗಿರುತ್ತಿತ್ತು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಯೋಜನೆ, 1981ರ ಒಂದು ವರದಿಯನ್ನು ಆಧಾರವಾಗಿಟ್ಟುಕೊಂಡು, ಈ ಶಸ್ತ್ರಚಿಕಿತ್ಸೆ ಪ್ರಾಯೋಗಿಕವಾದದ್ದೆಂದು ಸಾರಾಸಗಟಾಗಿ ಹೊರಗಿಟ್ಟಿತ್ತು. 2014ರ ಮೇ ತಿಂಗಳಲ್ಲಿ ಅಲ್ಲಿನ ಮೇಲ್ಮನವಿ ಮಂಡಳಿ ಆ ನಿಷೇಧವನ್ನು ರದ್ದುಪಡಿಸುವವರೆಗೆ ಅದು ಹಾಗೆಯೇ ನಡೆಯಿತು. ರದ್ದಾಯಿತೆಂದರೆ ಎಲ್ಲರಿಗೂ ಮಂಜೂರಾಯಿತೆಂದಲ್ಲ: 2016ರಲ್ಲಿ ರಾಷ್ಟ್ರಮಟ್ಟದ ನಿಯಮವನ್ನು ರೂಪಿಸಲು ಮೆಡಿಕೇರ್ ನಡೆಸುವ ಸಂಸ್ಥೆ ಒಪ್ಪಲಿಲ್ಲ, ಒಂದೊಂದು ಅರ್ಜಿಯನ್ನೂ ಪ್ರತ್ಯೇಕವಾಗಿ ಪರಿಶೀಲಿಸುವ ಪದ್ಧತಿಯೇ ಉಳಿಯಿತು.

ಇಂಗ್ಲೆಂಡಿನಲ್ಲಿ ನಿರಾಕರಣೆಯ ರೂಪ ಇನ್ನಷ್ಟು ನಯವಾಗಿತ್ತು. ದೇಹ ಮತ್ತು ಲಿಂಗತ್ವ ಹೊಂದಿಕೆಯಾಗದಿರುವುದು ಒಂದು ಕಾಯಿಲೆಯೆಂದು ಒಪ್ಪಿಕೊಂಡ ಅಲ್ಲಿನ ಆರೋಗ್ಯ ಪ್ರಾಧಿಕಾರವೊಂದು, ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಹಣ ನೀಡುವುದಾಗಿ ಹೇಳಿ, ಯಾವ ಸಂದರ್ಭವನ್ನೂ ಅಸಾಧಾರಣವೆಂದು ಒಪ್ಪದಂತಹ ನೀತಿಯನ್ನು ಇಟ್ಟುಕೊಂಡಿತ್ತು. 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ವಸ್ತುತಃ ಸಂಪೂರ್ಣ ನಿಷೇಧವೆಂದೇ ಪರಿಗಣಿಸಿ ಅಕ್ರಮವೆಂದಿತು. ಸ್ವಿಟ್ಜರ್ಲೆಂಡಿನ ಪ್ರಕರಣವಂತೂ ನಿಮ್ಮ ಕರಡಿಗೆ ತುಂಬ ಹತ್ತಿರದ್ದು. ಅರವತ್ತು ದಾಟಿದ್ದ ಮಹಿಳೆಯೊಬ್ಬರು ಎರಡು ವರ್ಷಗಳ ನಿಗಾ ಅವಧಿಯನ್ನು ಪೂರೈಸಿಲ್ಲವೆಂಬ ಕಾರಣಕ್ಕೆ ವಿಮಾ ಸಂಸ್ಥೆ ಹಣ ಕೊಡಲಿಲ್ಲ. ಅವರ ವಯಸ್ಸನ್ನಾಗಲಿ ವೈದ್ಯರ ಅಭಿಪ್ರಾಯವನ್ನಾಗಲಿ ಪರಿಗಣಿಸದೆ ಕಾಯುವ ಅವಧಿಯನ್ನು ಯಾಂತ್ರಿಕವಾಗಿ ಹೇರಿದ್ದು ಸರಿಯಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ತೀರ್ಪು ನೀಡಿತು.

ಆದ್ದರಿಂದ ಪಟ್ಟಿಯಲ್ಲಿ ಸೇರಿಸಿ ಎಂದಷ್ಟೇ ಕೇಳುವುದು, ನನ್ನ ದೃಷ್ಟಿಯಲ್ಲಿ, ಗೆದ್ದಾಗಿರುವ ಮೊಕದ್ದಮೆಯನ್ನು ಮತ್ತೆ ಹೂಡಿದಂತೆ. 2012ರ ಅರ್ಜೆಂಟೀನಾ ಕಾನೂನನ್ನು ಮಾದರಿಯಾಗಿ ಉಲ್ಲೇಖಿಸಿ. ನ್ಯಾಯಾಲಯದ ಅಥವಾ ಆಡಳಿತದ ಅನುಮತಿ ಬೇಡ, ವಯಸ್ಕರ ತಿಳಿವಳಿಕೆಯ ಒಪ್ಪಿಗೆ ಸಾಕು, ಮತ್ತು ಚಿಕಿತ್ಸೆ ಕಡ್ಡಾಯ ವೈದ್ಯಕೀಯ ಸೌಲಭ್ಯದ ಭಾಗ ಎಂದು ಅದು ಒಟ್ಟಿಗೇ ಹೇಳುತ್ತದೆ.

ಉತ್ತರ 2

ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ರೋಗಿಗಳ ದಾಖಲೆ ಮತ್ತು ವಿಮಾ ಮಂಜೂರಾತಿಯ ಕೆಲಸ ಮಾಡಿದ್ದೇನೆ. ಕಾನೂನಿನ ಮಾತು ಸರಿಯೇ. ಆದರೆ ದಿನನಿತ್ಯ ನಾವು ನೋಡುವ ತಡೆಗಳು ನ್ಯಾಯಾಲಯದವರೆಗೆ ಹೋಗುವಷ್ಟು ದೊಡ್ಡವಲ್ಲ, ಹಾಗಾಗಿಯೇ ಅವು ಉಳಿದುಕೊಂಡಿವೆ.

ಕೂದಲು ತೆಗೆಯುವುದನ್ನೇ ತೆಗೆದುಕೊಳ್ಳಿ. ಟ್ರಾನ್ಸ್ ಮಹಿಳೆಯರ ಯೋನಿ ರಚನೆಯ ಶಸ್ತ್ರಚಿಕಿತ್ಸೆಯಲ್ಲಿ ಶಿಶ್ನದ ಮತ್ತು ವೃಷಣಚೀಲದ ಚರ್ಮವನ್ನು ಒಳಪದರವಾಗಿ ಬಳಸುವಾಗ, ಆ ಚರ್ಮದ ಕೂದಲನ್ನು ಮೊದಲೇ ಶಾಶ್ವತವಾಗಿ ತೆಗೆಯಬೇಕಾಗುತ್ತದೆ. ಇಲ್ಲವಾದರೆ ಅದು ಒಳಗೇ ಬೆಳೆದು ತೊಂದರೆ ಕೊಡುತ್ತದೆ. ಟ್ರಾನ್ಸ್ ಪುರುಷರ ಶಿಶ್ನ ರಚನೆಗೆ ಮುಂಗೈಯಿಂದ ಅಥವಾ ತೊಡೆಯಿಂದ ಚರ್ಮ ತೆಗೆಯುವಾಗಲೂ ಇದೇ ಸಮಸ್ಯೆ. ಕೂದಲು ಹಂತ ಹಂತವಾಗಿ ಬೆಳೆಯುವುದರಿಂದ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ (ವಿದ್ಯುತ್ತಿನಿಂದ ಕೂದಲ ಬುಡವನ್ನು ನಾಶಮಾಡುವ) ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾಡಿಸಬೇಕು. ಆದರೆ ಮಂಜೂರಾತಿ ನೀಡುವ ಕಡೆ ಇದನ್ನು ಸೌಂದರ್ಯ ಚಿಕಿತ್ಸೆಯೆಂದು ಬದಿಗಿಡುವುದುಂಟು. ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ, ಅದಕ್ಕೆ ಬೇಕಾದ ಸಿದ್ಧತೆಗೆ ನಿರಾಕರಣೆ! ನೀವು ಉಲ್ಲೇಖಿಸಿದ 15ನೇ ಸೆಕ್ಷನ್ನನ್ನು ಪೂರ್ತಿ ಓದಿ: ಸಮಗ್ರ ವಿಮಾ ಯೋಜನೆಯ ವ್ಯಾಪ್ತಿಯನ್ನು ಹೇಳುವ ಉಪವಾಕ್ಯದಲ್ಲಿ ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನ್ ಜೊತೆಗೆ ಲೇಸರ್ ಚಿಕಿತ್ಸೆಯನ್ನೂ ಹೆಸರಿಸಲಾಗಿದೆ. ಕಾಯ್ದೆಯ ಕರಡು ಬರೆದವರು ಯಾರೋ ವಿಷಯ ಬಲ್ಲವರಿರಬೇಕು. ಆ ಮಾತನ್ನು ಮನವಿಯ ಮೊದಲ ಪುಟದಲ್ಲೇ ಹಾಕಿ.

ನಂತರದ ಆರೈಕೆಯ ವಿಷಯ ಇದಕ್ಕಿಂತ ಗಂಭೀರ. ಟಿಜಿ ಪ್ಲಸ್ ಯಾವುದರಡಿ ಬರುತ್ತದೆಯೋ ಆ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯನ್ನು ಒಳರೋಗಿಗಳ ಚಿಕಿತ್ಸೆಗಾಗಿ ರೂಪಿಸಲಾಗಿದೆ. ಅದರ ಸಾಮಾನ್ಯ ನಿಯಮದಂತೆ ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಸಿಗುತ್ತದೆ. ಯೋನಿ ರಚನೆಯಾದವರು ಡೈಲೇಟರ್ ಎಂಬ ಕೊಳವೆಯಾಕಾರದ ಸಾಧನ ಬಳಸಿ ಮಾರ್ಗ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವ ಕೆಲಸ ಮೊದಲ ಕೆಲವು ತಿಂಗಳು ದಿನಕ್ಕೆ ಹಲವು ಬಾರಿ ನಡೆಯಬೇಕು, ಆಮೇಲೂ ಕಡಿಮೆ ಪ್ರಮಾಣದಲ್ಲಿ ಮುಂದುವರಿಯಬೇಕು. ಶಿಶ್ನ ರಚನೆ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಮೂತ್ರನಾಳ ಕಿರಿದಾಗುವುದು, ಬೇರೆ ಕಡೆಯಿಂದ ಮೂತ್ರ ಸೋರುವುದು ಮುಂತಾದ ತೊಡಕುಗಳು ಸಾಮಾನ್ಯವಾಗಿದ್ದು, ಅವನ್ನು ಸರಿಪಡಿಸಲು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಒಂದು ಶಸ್ತ್ರಚಿಕಿತ್ಸೆಗೆ ಒಂದು ಮೊತ್ತವೆಂದು ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ಈ ಎರಡನೆಯ, ಮೂರನೆಯ ಹಂತಗಳಿಗೆ ಯಾವ ಶೀರ್ಷಿಕೆಯಡಿ ಅರ್ಜಿ ಹಾಕಬೇಕೆಂಬುದೇ ಸಿಬ್ಬಂದಿಗೆ ತಿಳಿಯುವುದಿಲ್ಲ.

ಅರ್ಹತೆಯ ಷರತ್ತುಗಳ ಬಗ್ಗೆಯೂ ಒಂದು ಮಾತು. ಹಲವು ಕಡೆ ಇಂದಿಗೂ ಎರಡು ಮನೋವೈದ್ಯಕೀಯ ಪತ್ರಗಳನ್ನು ಮತ್ತು 12 ತಿಂಗಳ ಹಾರ್ಮೋನ್ ಚಿಕಿತ್ಸೆಯನ್ನು ಕೇಳುವುದು ಟ್ರಾನ್ಸ್‌ಜೆಂಡರ್ ಆರೋಗ್ಯ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಡಬ್ಲ್ಯೂಪಾತ್‌ನ ಹಳೆಯ, ಏಳನೆಯ ಆವೃತ್ತಿಯ ಮಾರ್ಗಸೂಚಿಯನ್ನು ಅನುಸರಿಸಿ. 2022ರ ಎಂಟನೆಯ ಆವೃತ್ತಿಯಲ್ಲಿ ವಯಸ್ಕರಿಗೆ ಒಂದೇ ಪತ್ರ ಸಾಕು. ಜನನಾಂಗದ ಶಸ್ತ್ರಚಿಕಿತ್ಸೆಗೆ ಮೊದಲು ಹಾರ್ಮೋನ್ ಬೇಕಾದವರಿಗೆ ಕನಿಷ್ಠ 6 ತಿಂಗಳು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗ ವರ್ಗೀಕರಣದಲ್ಲಿ ದೇಹ ಮತ್ತು ಲಿಂಗತ್ವ ಹೊಂದಿಕೆಯಾಗದ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸ್ಥಳಾಂತರಿಸಿದೆ. ಧೂಮಪಾನ ನಿಲ್ಲಿಸಬೇಕೆಂಬ ಷರತ್ತನ್ನು ಮಾತ್ರ ವಿರೋಧಿಸಬೇಡಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕಸಿ ಮಾಡಿದ ಚರ್ಮ ಸಾಯುವ ಅಪಾಯ ನಿಜವಾದದ್ದು.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಬೇಡಿಕೆಗಳ ಕ್ರಮದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಹಣ ಮಂಜೂರಾದರೂ ಈ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದ ತಂಡ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಮಂಜೂರಾತಿ ಪತ್ರವನ್ನು ಇಟ್ಟುಕೊಂಡು ಮಾಡುವುದೇನು? ಇಂಗ್ಲೆಂಡಿನಲ್ಲಿ ತಜ್ಞರ ಚಿಕಿತ್ಸೆ 18 ವಾರಗಳೊಳಗೆ ಆರಂಭವಾಗಬೇಕೆಂಬ ಹಕ್ಕು ಬರಹದಲ್ಲಿದೆ, ಹಣ ಸರ್ಕಾರದ್ದೇ. ಆದರೂ ಲಿಂಗತ್ವ ಕ್ಲಿನಿಕ್ಕಿನ ಮೊದಲ ಭೇಟಿಗೇ ಜನ ವರ್ಷಗಟ್ಟಲೆ ಕಾಯುತ್ತಾರೆ. ನಮ್ಮ ನೆರೆಯ ತಮಿಳುನಾಡು 2008ರಲ್ಲಿ ಕಲ್ಯಾಣ ಮಂಡಳಿ ಸ್ಥಾಪಿಸಿದ ಕಾಲದಲ್ಲೇ ಸರ್ಕಾರಿ ಆಸ್ಪತ್ರೆಯೊಳಗೆ ಉಚಿತ ಶಸ್ತ್ರಚಿಕಿತ್ಸೆಗೆ ಅವಕಾಶ ಮಾಡಿಕೊಟ್ಟದ್ದು ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ. ಮೊದಲು ಖರ್ಚು ಮಾಡಿ, ಆಮೇಲೆ ರಸೀದಿ ಕೊಟ್ಟು ಹಣ ವಾಪಸು ಪಡೆಯಿರಿ ಎನ್ನುವ ಯೋಜನೆಗಳು, ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ, ಕೈಯಲ್ಲಿ ಹಣ ಇರುವವರನ್ನು ಮಾತ್ರ ತಲುಪುತ್ತವೆ. ಹತ್ತು ಬೇಡಿಕೆಗಳನ್ನು ಒಂದೇ ತೂಕದಲ್ಲಿ ಬರೆದರೆ ಇಲಾಖೆ ಅತಿ ಅಗ್ಗದ ಎರಡನ್ನು ಆರಿಸಿಕೊಂಡು ಉಳಿದದ್ದನ್ನು ಕಡತಕ್ಕೆ ಸೇರಿಸುತ್ತದೆ. ಹಾಗಾಗಿ ತಂಡದ ಬೇಡಿಕೆಯನ್ನೇ ಮೊದಲು ಇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತರಬೇತಿ ಪಡೆದ ತಂಡವನ್ನು ಮೊದಲ ಬೇಡಿಕೆಯಾಗಿಯೂ, ಸಿದ್ಧತೆಯಿಂದ ಮರುಶಸ್ತ್ರಚಿಕಿತ್ಸೆಯವರೆಗಿನ ಎಲ್ಲ ಹಂತಗಳಿಗೆ ಒಂದೇ ಮಂಜೂರಾತಿಯನ್ನು ಎರಡನೆಯದಾಗಿಯೂ ಇಡುತ್ತಿದ್ದೇವೆ. ಅರ್ಹತೆಯ ಷರತ್ತುಗಳನ್ನು ಪರಿಷ್ಕರಿಸಬೇಕೆಂಬುದು ಮೂರನೆಯದು. ಇನ್ನೇನಾದರೂ ಬಿಟ್ಟುಹೋಗಿದೆಯೇ?

ಉತ್ತರ 1ರ ಲೇಖಕರಿಂದ

ಒಂದಿದೆ. ಅರ್ಜಿಯನ್ನು ತಿರಸ್ಕರಿಸಿದಾಗ ಕಾರಣವನ್ನು ಲಿಖಿತವಾಗಿ, ನಿಗದಿತ ಅವಧಿಯೊಳಗೆ ನೀಡಬೇಕೆಂದು ಕೇಳಿ. ನಾನು ಹೆಸರಿಸಿದ ಪ್ರಕರಣಗಳಲ್ಲೆಲ್ಲ ಪ್ರಶ್ನಿಸಲು ಕಾಗದದ ಮೇಲೆ ಒಂದು ನಿಯಮವೋ ನಿರಾಕರಣೆಯೋ ಇತ್ತು. ಮುಂದಿನ ತಿಂಗಳು ಬನ್ನಿ ಎಂಬ ಬಾಯಿಮಾತಿನ ವಿರುದ್ಧ ಯಾವ ಮೇಲ್ಮನವಿಯನ್ನೂ ಸಲ್ಲಿಸಲು ಬರುವುದಿಲ್ಲ.